ಅಕ್ಕಿಯ ಕುಕ್ಕರು, ಜೋಳದ ನಾಡು



ಬದುಕಿನ ಬಹುಭಾಗವನ್ನು ಹಳಗನ್ನಡ ಕಾವ್ಯಗಳ ಪಾಠದಲ್ಲಿ ಕಳೆದವನೊಬ್ಬ ಅನ್ನ ಬೇಯಿಸುವ ವಿದ್ಯುತ್ ಪಾತ್ರೆಯನ್ನು ಕುರಿತು ಮಾತನಾಡಹೊರಟರೆ ನಿಮಗೆ ನಗು ಬಂದೀತು. ನನಗೂ ಮೊದಲು ಬಂದಿತ್ತು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯವರ ಬಲಭುಜಕ್ಕೆ ನೋವು ತಗುಲಿತು. ಕೈಯನ್ನು ಕಿವಿಯ ಮಟ್ಟಕ್ಕೂ ಎತ್ತಲಾರದಂತಾಯಿತು. ಅದೇ ವಾರ ನನ್ನ ರಕ್ತವನ್ನು ಪರೀಕ್ಷಿಸಿದ ವೈದ್ಯರು, ಬೆಳಗಿನ ಉಪಾಹಾರಕ್ಕೆ ಓಟ್ಸ್ ತಿನ್ನಿ ಎಂದರು. ಬೆಂಗಳೂರಿನಲ್ಲಿರುವ ಮಗಳು ದೂರವಾಣಿಯಲ್ಲಿ ಇವೆರಡನ್ನೂ ಕೇಳಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಅಪ್ಪಾ, ಕರೆಂಟಿನ ಕುಕ್ಕರ್ ತಗೊಳ್ರಿ. ಅನ್ನಾನೂ ಆಗ್ತದ, ಓಟ್ಸೂ ಆಗ್ತದ."

ಹೀಗೆ ನಾನು ನಮ್ಮ ರಂಗಂಪೇಟೆಯ ಬಜಾರಿನ ಪಾತ್ರೆಯಂಗಡಿಯ ಮುಂದೆ ನಿಂತೆ. ಅಂಗಡಿಯವನು ಎರಡು ಪೆಟ್ಟಿಗೆಗಳನ್ನು ಇಳಿಸಿ, "ಒಂದು ಲೀಟರಿಂದು ಕೊಡ್ಲೇನ್ರಿ ಸರ, ಒಂದು ಪಾಯಿಂಟ್ ಎಂಟರದು ಕೊಡ್ಲೇನ್ರಿ?" ಎಂದು ಕೇಳಿದ. ಒಂದು ಲೀಟರು ಸರಿ, ಎರಡು ಲೀಟರಾದರೂ ಸರಿ. ಈ ಒಂದು ಪಾಯಿಂಟ್ ಎಂಟು ಯಾವ ಲೆಕ್ಕ? ಅವನು ನಕ್ಕು, "ಕಂಪನ್ಯಾವ್ರು ಹಂಗ ಮಾಡ್ಯಾರ್ರಿ" ಎಂದ. ಅಧ್ಯಾಪಕನಾಗಿದ್ದವನಿಗೆ ಅಂಥ ಉತ್ತರ ಸಾಲದು. ಅಂದು ಬರಿಗೈಯಲ್ಲಿ ಮನೆಗೆ ಬಂದು ಹುಡುಕತೊಡಗಿದೆ.

ಜಪಾನಿನಲ್ಲಿ ಅಕ್ಕಿಯನ್ನಳೆಯುವ ಹಳೆಯ ಮಾನಕ್ಕೆ 'ಗೋ' ಎಂದು ಹೆಸರು. ಅದು ಸುಮಾರು 180 ಮಿಲಿಲೀಟರು. ಹತ್ತು ಗೋ ಸೇರಿದರೆ ಒಂದು 'ಶೋ', ಎಂದರೆ 1.8 ಲೀಟರು. ಐದೂವರೆ ಗೋ ಸುಮಾರಾಗಿ ಒಂದು ಲೀಟರು. ಪೆಟ್ಟಿಗೆಯೊಳಗೆ ಬರುವ ಆ ಪುಟ್ಟ ಪ್ಲಾಸ್ಟಿಕ್ ಬಟ್ಟಲು ಒಂದು ಗೋ ಹಿಡಿಯುತ್ತದೆ. ಅದರಲ್ಲಿ ಸುಮಾರು 150 ಗ್ರಾಂ ಅಕ್ಕಿ. ಪಾತ್ರೆಯ ಒಳಮೈಯ ಗೆರೆಗಳನ್ನು ಹಾಕಿರುವುದೂ ಆ ಬಟ್ಟಲಿನ ಲೆಕ್ಕಕ್ಕೇ. ನಮ್ಮ ಮನೆಯ ಲೋಟದಿಂದ ಅಕ್ಕಿ ಅಳೆದು, ನೀರನ್ನು ಮಾತ್ರ ಆ ಗೆರೆಗೆ ಹೊಯ್ದರೆ ಅನ್ನ ಕೆಡುವುದು ಖಂಡಿತ.

ಇದನ್ನು ತಿಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾದುದು ನಿಜ. ಬಳ್ಳ, ಕೊಳಗ, ಖಂಡುಗ, ಸೊಲಗೆ, ಮಾನ ಎಂದು ನಮ್ಮ ಶಾಸನಗಳ ತುಂಬ ಅಳತೆಗಳಿವೆ. ನಾನು ಹುಡುಗನಾಗಿದ್ದಾಗ ಈ ಪೇಟೆಯಲ್ಲಿ ಸೇರು, ಅಚ್ಛೇರು, ಪಾವಸೇರು, ಛಟಾಕುಗಳ ಮಾತು ಇನ್ನೂ ನಡೆಯುತ್ತಿತ್ತು. 1956ರ ಕಾಯಿದೆಯ ತರುವಾಯ ದಶಮಾನ ಪದ್ಧತಿ ಬಂದು ಅವು ಅಂಗಡಿಯ ಕಟ್ಟೆಯಿಂದ ಇಳಿದುಹೋದವು. ಜಪಾನಿನ ಶೋ ಮಾತ್ರ ಲೀಟರಿನ ವೇಷ ಹಾಕಿಕೊಂಡು ನಮ್ಮ ಅಡಿಗೆಮನೆಗೇ ಬಂದು ಕುಳಿತಿದೆ. ಕೊಳ್ಳುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಕೆಲವು ತಯಾರಕರು ಲೀಟರು ಎಂದಾಗ ಹಿಡಿಯುವ ಅಕ್ಕಿಯ ಅಳತೆ ಹೇಳುತ್ತಾರೆ. ಕೆಲವರು ಇಡೀ ಪಾತ್ರೆಯ ಗಾತ್ರ ಹೇಳುತ್ತಾರೆ. ಎರಡಕ್ಕೂ ಬಹಳ ಅಂತರ. ಯಾವುದೆಂದು ಬಾಯಿಬಿಟ್ಟು ಕೇಳಿಯೇ ಕೊಳ್ಳಬೇಕು.

ಅಳತೆಯ ಮಾತು ಬಂದುದರಿಂದ ಕೃಷ್ಣೆಯ ಆಚೆ ದಡದ ನೆರೆಯವರೊಬ್ಬರು ನೆನಪಾಗುತ್ತಾರೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳೆಂಬ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಇಬ್ಬರೇ ಇರುವ ಮನೆಗೆ 1.8 ಲೀಟರಿನದನ್ನು ಒಯ್ದಿದ್ದರೆ ನನಗೂ ಅದೇ ಗತಿಯಾಗುತ್ತಿತ್ತು.

ಅಕ್ಕಿಯನ್ನು ಆಯುವ ಕಥೆ ಹುಟ್ಟಿದ್ದರಲ್ಲಿಯೇ ಒಂದು ಅರ್ಥವಿದೆ. ಈ ಕೃಷ್ಣಾ–ಭೀಮೆಯರ ನಡುನೆಲ ಅಕ್ಕಿಯದಲ್ಲ. ಎರೆಹೊಲದ ಹಿಂಗಾರಿ ಜೋಳದ್ದು. ಸುರಪುರ ಸಂಸ್ಥಾನದಲ್ಲಿ ಕೆರೆಗಳಿದ್ದವು, ನಿಜ. ನಾಯಕ ಅರಸರು ಕಟ್ಟಿಸಿದ ಬೋನಾಳದ ಕೆರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಸರಿಪಡಿಸಿದ. ಆದರೆ ಕೆರೆಯ ಕೆಳಗಿನ ಗದ್ದೆ ಊರಿಗೆಲ್ಲ ಅನ್ನವಿಡುವಷ್ಟು ಎಂದೂ ಇರಲಿಲ್ಲ. ನನ್ನ ಬಾಲ್ಯದಲ್ಲಿ ಅಕ್ಕಿಯ ಅನ್ನವೆಂದರೆ ಹಬ್ಬ, ಬೀಗರು, ಇಲ್ಲವೇ ಜ್ವರ. ಉಳಿದ ದಿನಗಳಲ್ಲಿ ರೊಟ್ಟಿ. ರೊಟ್ಟಿಯ ಜೊತೆಗೆ ನುಚ್ಚು, ಅಂಬಲಿ, ಕೆಲವೊಮ್ಮೆ ನವಣೆಯ ಅನ್ನ. ಹಳಗನ್ನಡದಲ್ಲಿ ಬೆಂದ ಧಾನ್ಯಕ್ಕೆ ಬೋನ, ಓಗರ, ಕೂಳು ಎಂದೆಲ್ಲ ಹೆಸರುಗಳುಂಟು. ಕೂಳು ಎಂಬ ಮಾತು ಇಂದು ಬೈಗುಳಕ್ಕೆ ಸಮೀಪವಾಗಿ, ಅನ್ನವೊಂದೇ ಮರ್ಯಾದೆಯ ಮಾತಾಗಿ ಉಳಿದಿರುವುದನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು.

ಆಮೇಲೆ ನೀರು ಬಂತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ನಾರಾಯಣಪುರದ ಬಸವಸಾಗರ 1982ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಎರೆಯೊಳಗೆ ಹರಿಯಿತು. ಯೋಜನೆಯನ್ನು ರೂಪಿಸಿದವರ ಲೆಕ್ಕದಲ್ಲಿ ಅದು ಜೋಳ, ಶೇಂಗಾ, ಹತ್ತಿಗಳಂಥ ಅರೆನೀರಾವರಿ ಬೆಳೆಗಳಿಗೆ ಮೀಸಲಾದ ನೀರು. ಆದರೆ ನೀರು ಕಣ್ಣೆದುರು ಹರಿಯುವಾಗ ಕಾಗದದ ಲೆಕ್ಕ ಯಾರಿಗೆ ಬೇಕು? ತುಂಗಭದ್ರೆಯ ಬಯಲಿನಲ್ಲಿ ಮೊದಲೇ ನೆಲೆಯೂರಿದ್ದ ಆಂಧ್ರದ ಕೃಷಿಕರು ಇತ್ತಲೂ ಬಂದು ಭೂಮಿ ಹಿಡಿದರು, ಕ್ಯಾಂಪುಗಳು ಎದ್ದವು. ಬಾಪಟ್ಲದ ಸಂಶೋಧನಾ ಕೇಂದ್ರ 1986ರಲ್ಲಿ ಹೊರತಂದ ಸಾಂಬಾ ಮಸೂರಿಯಂಥ ಸಣ್ಣಕ್ಕಿಯ ತಳಿಗಳು ಇಲ್ಲಿಯೂ ಬೇರುಬಿಟ್ಟವು. ಕಾಲುವೆಯ ತಲೆಯಲ್ಲಿದ್ದವರು ಭತ್ತ ಹಚ್ಚಿದರು, ಬಾಲದಲ್ಲಿದ್ದವರು ನೀರಿಗಾಗಿ ಕಾದರು. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಕಿಲೋ ಅಕ್ಕಿ ಒಂದು ರೂಪಾಯಿಗೆ ಸಿಕ್ಕತೊಡಗಿದ ಮೇಲೆ, ಹಬ್ಬದ ಅಡಿಗೆ ಬಡವರ ದಿನದ ಅಡಿಗೆಯೂ ಆಯಿತು.

ಇದನ್ನು ಹೇಳುವಾಗ ನಿಟ್ಟುಸಿರುಬಿಡುವುದು ನಮ್ಮ ವಯಸ್ಸಿನವರ ರೂಢಿ. ನಾನೂ ಬಿಡುತ್ತಿದ್ದೆ. ಆದರೆ ಮನೆಯವರ ಭುಜದ ನೋವು ನನ್ನನ್ನು ಬೇರೆ ರೀತಿಯಲ್ಲಿ ಯೋಚಿಸುವಂತೆ ಮಾಡಿತು. ನಮ್ಮ ಅವ್ವ ಕೋಳಿ ಕೂಗುವ ಮುಂಚೆ ಬೀಸುಕಲ್ಲಿನ ಮುಂದೆ ಕೂಡುತ್ತಿದ್ದಳು. ಪೇಟೆಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವುದು ತಪ್ಪಿತು, ಬಡಿಯುವುದು ತಪ್ಪಲಿಲ್ಲ. ಹಿಟ್ಟಿಗೆ ಕುದಿನೀರು ಹೊಯ್ದು ನಾದಬೇಕು, ಒಂದೊಂದನ್ನೂ ಅಂಗೈಯಿಂದ ತಟ್ಟಬೇಕು, ಹತ್ತಿಕಟ್ಟಿಗೆ ತೊಗರಿಕಟ್ಟಿಗೆಗಳ ಉರಿಯ ಮುಂದೆ ಕೂತು ಹಂಚಿನ ಮೇಲೆ ಬೇಯಿಸಬೇಕು. ಎಂಟು ಜನರ ಮನೆಯಲ್ಲಿ ಎರಡು ಹೊತ್ತಿಗೆ ಎಷ್ಟು ರೊಟ್ಟಿಯಾದವೆಂದು ನಾವು ಗಂಡಸರು ಎಂದಾದರೂ ಎಣಿಸಿದ್ದುಂಟೆ? ಅಕ್ಕಿಯಾದರೋ ಎಸರಿಗೆ ಬಿದ್ದ ಮೇಲೆ ತನ್ನಷ್ಟಕ್ಕೆ ತಾನು ಬೇಯುತ್ತದೆ.

ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ನರೆದಲಗ ವ್ರೀಹಿಗಳ, ಎಂದರೆ ರಾಗಿ ಭತ್ತಗಳ, ಜಗಳ ಹಚ್ಚಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾರೆ. ಕೆಡದೆ ಉಳಿದ ನರೆದಲಗಕ್ಕೆ ಅಲ್ಲಿ ಗೆಲವು. ಆ ಸಭೆಯಲ್ಲಿ ಧಾನ್ಯವನ್ನು ಬೇಯಿಸುವ ಹೆಂಗಸೊಬ್ಬಳ ಸಾಕ್ಷ್ಯವನ್ನೂ ಕೇಳಿದ್ದರೆ ತೀರ್ಪು ಏನಾಗುತ್ತಿತ್ತೋ! ನಮ್ಮ ಜೋಳವನ್ನು ಅಕ್ಕಿ ಗೆದ್ದದ್ದು ಕಾಲುವೆಯಿಂದ, ಸರಕಾರದ ಅಂಗಡಿಯಿಂದ ಎಂಬುದು ಸರಿ. ಸೋತ ಭುಜಗಳಿಂದಲೂ ಎಂಬುದನ್ನು ನಮ್ಮ ಇತಿಹಾಸಗಳು ಬರೆದಂತಿಲ್ಲ.

ಜಪಾನಿನಲ್ಲಿಯೂ ಸಂಗತಿ ಹೀಗೆಯೇ ಇತ್ತು. ಅಲ್ಲಿಯ ಗೃಹಿಣಿ ನಸುಕಿನಲ್ಲಿ ಎದ್ದು ಮಣ್ಣಿನ ಒಲೆಯ ಉರಿ ಕಾಯಬೇಕಾಗಿತ್ತು. ಉರಿ ಹೆಚ್ಚಿಸಿ ತಗ್ಗಿಸಿ ಅನ್ನವನ್ನು ಹದಕ್ಕೆ ತರುವುದು ಅವಳ ಹೊಣೆ. ತೋಷಿಬಾ ಕಂಪನಿಯ ಕೋರಿಕೆಯಂತೆ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟವನು ಯೋಷಿತಾದ ಮಿನಾಮಿ ಎಂಬ ಸಣ್ಣ ಕಾರ್ಖಾನೆಯ ಒಡೆಯ. ಆದರೆ ದಿನವೂ ಅನ್ನ ಬೇಯಿಸಿ, ಎಷ್ಟು ಶಾಖಕ್ಕೆ ಎಷ್ಟು ಹೊತ್ತು ಎಂದು ಬರೆದಿಟ್ಟವಳು ಅವನ ಹೆಂಡತಿ ಫುಮಿಕೊ. ನೀರು ಕುದಿಬಂದ ಮೇಲೆ ಸುಮಾರು ಇಪ್ಪತ್ತು ನಿಮಿಷ ಬೇಯಬೇಕೆಂಬುದು ಅವರು ಕಂಡುಕೊಂಡ ಹದ. ಇಪ್ಪತ್ತು ನಿಮಿಷವನ್ನು ಯಂತ್ರಕ್ಕೆ ಕಲಿಸುವುದು ಹೇಗೆ? ಅವರು ಪಾತ್ರೆಯೊಳಗೆ ಪಾತ್ರೆಯಿಟ್ಟರು. ಹೊರಗಿನದರಲ್ಲಿ ಒಂದು ಬಟ್ಟಲು ನೀರು, ಒಳಗಿನದರಲ್ಲಿ ಅಕ್ಕಿ. ಹೊರಗಿನ ನೀರು ಆವಿಯಾಗಿ ತೀರಲು ಅಷ್ಟೇ ಹೊತ್ತು ಹಿಡಿಯುತ್ತದೆ. ನೀರು ತೀರಿದೊಡನೆ ಶಾಖ ನೂರು ಡಿಗ್ರಿ ದಾಟುತ್ತದೆ, ಲೋಹದ ಪಟ್ಟಿ ಬಾಗಿ ವಿದ್ಯುತ್ತು ನಿಲ್ಲುತ್ತದೆ. 1955ರ ಡಿಸೆಂಬರಿನಲ್ಲಿ ಈ ಕುಕ್ಕರು ಮಾರಾಟಕ್ಕೆ ಬಂತು.

ಇಂದು ನಮ್ಮ ಅಂಗಡಿಯಲ್ಲಿ ಸಿಗುವ ಸಾಧಾರಣ ಕುಕ್ಕರಿನಲ್ಲಿ ಹೊರನೀರಿಲ್ಲ. ಪಾತ್ರೆಯ ತಳಕ್ಕೆ ತಾಗಿದಂತೆ ಒಂದು ಅಯಸ್ಕಾಂತವಿರುತ್ತದೆ. ಅಕ್ಕಿಯಲ್ಲಿ ಬಿಡಿನೀರು ಇರುವತನಕ ತಳ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ನೀರನ್ನೆಲ್ಲ ಅಕ್ಕಿ ಕುಡಿದು ತಳ ಬಿಸಿಯೇರಿದಾಗ, ಆ ಜೋಡಣೆಯ ಒಂದು ತುಣುಕು ಕಾಂತಗುಣವನ್ನು ಕಳೆದುಕೊಂಡು ಸ್ವಿಚ್ಚು ಟಕ್ಕೆಂದು ಬೀಳುತ್ತದೆ. ಎಂದರೆ ಈ ಯಂತ್ರಕ್ಕೆ ಗೊತ್ತಿರುವ ಸಂಗತಿ ಒಂದೇ: ನೀರು ಮುಗಿಯಿತು ಎಂಬುದು. ಒಂದಗುಳು ಹಿಚುಕಿ ನೋಡುವ ವಿದ್ಯೆ ಅದಕ್ಕಿಲ್ಲ. ಗುಂಡಿಗಳೂ ದೀಪಗಳೂ ಇರುವ, ಗಂಜಿಗೊಂದು ಅನ್ನಕ್ಕೊಂದು ಕ್ರಮವಿರುವ ದುಬಾರಿಯ ಯಂತ್ರಗಳೂ ಇವೆ. ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ನಮ್ಮಂಥ ಊರಿಗೆ ಒಂಟಿ ಸ್ವಿಚ್ಚಿನದೇ ಲೇಸೆಂದು ನನಗೆ ತೋರಿತು. ಕರೆಂಟು ಹೋದರೂ ಅದರ ಸ್ವಿಚ್ಚು ಒತ್ತಿದಂತೆಯೇ ಇರುತ್ತದೆ. ಬಂದ ಕೂಡಲೇ ತಾನಾಗಿ ಬೇಯಿಸತೊಡಗುತ್ತದೆ. ಒಂದು ಲೀಟರಿನದು ಸುಮಾರು 400 ವ್ಯಾಟಿನದು, ದೊಡ್ಡದು 700ರ ಸುಮಾರಿನದು. ಚಿಕ್ಕದನ್ನೇ ತಂದೆ. ಕಂಪನಿಯ ಹೆಸರನ್ನು ಆಕಾಶವಾಣಿಯಲ್ಲಿ ಹೇಳುವ ವಾಡಿಕೆಯಿಲ್ಲ, ನೀವೂ ಕೇಳಬೇಡಿ.

ಅನ್ನ ಮೊದಲ ದಿನವೇ ಮಲ್ಲಿಗೆಯಂತೆ ಆಯಿತು. ಎರಡನೆಯ ದಿನ ಓಟ್ಸ್.

ಓಟ್ಸಿಗೆ ಕನ್ನಡದಲ್ಲಿ ತೋಕೆಗೋಧಿ ಎಂಬ ಸೊಗಸಾದ ಹೆಸರಿದೆ. ತೋಕೆಯೆಂದರೆ ಬಾಲ. ಡಾಕ್ಟರ್ ಜಾನ್ಸನ್ನನು 1755ರ ತನ್ನ ನಿಘಂಟಿನಲ್ಲಿ, ಇಂಗ್ಲೆಂಡಿನಲ್ಲಿ ಕುದುರೆ ತಿನ್ನುವ ಈ ಧಾನ್ಯವನ್ನು ಸ್ಕಾಟ್ಲೆಂಡಿನಲ್ಲಿ ಜನ ತಿನ್ನುತ್ತಾರೆಂಬ ಅರ್ಥದ ಚುಚ್ಚುಮಾತು ಬರೆದ. ನಮ್ಮ ಹುರುಳಿಗೂ ಇಂಗ್ಲಿಷಿನವರು ಕುದುರೆಯ ಕಾಳೆಂದೇ ಹೆಸರಿಟ್ಟರಷ್ಟೆ. ಕಾಲ ತಿರುಗಿತು. ತೋಕೆಗೋಧಿಯಲ್ಲಿರುವ ಬೀಟಾ ಗ್ಲೂಕನ್ ಎಂಬ ಅಂಟು ನಾರು ರಕ್ತದ ಕೊಬ್ಬನ್ನು ತಗ್ಗಿಸುತ್ತದೆಂದು ಗೊತ್ತಾಗಿ, ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಆ ಮಾತನ್ನು ಡಬ್ಬಿಯ ಮೇಲೆ ಅಚ್ಚುಹಾಕಲು ಅನುಮತಿ ಕೊಟ್ಟಿತು. ಹಾಗಾಗಿಯೇ ಅದು ರಂಗಂಪೇಟೆಯ ಕಿರಾಣಿ ಅಂಗಡಿಗೂ ಬಂದಿದೆ.

ಹೃದಯಕ್ಕೆ ಹಿತವಾದ ಆ ಅಂಟೇ ಕುಕ್ಕರಿಗೆ ಶತ್ರು. ನೀರಿನಲ್ಲಿ ಅದು ಲೋಳೆಯಾಗುತ್ತದೆ, ಗುಳ್ಳೆಗಳು ಒಡೆಯದೆ ನೊರೆ ಏರುತ್ತದೆ. ಐದೇ ನಿಮಿಷದಲ್ಲಿ ಮುಚ್ಚಳದ ತೂತಿನಿಂದ ಉಕ್ಕಿ ಅಡಿಗೆಕಟ್ಟೆಯೆಲ್ಲ ಬೆಳ್ಳಗಾಯಿತು. ಮರುದಿನ ನೀರು ತಗ್ಗಿಸಿದರೆ, ಗಟ್ಟಿಯಾದ ಗಂಜಿಯಲ್ಲಿ ಶಾಖ ಮೇಲಕ್ಕೇರದೆ ತಳ ಸೀದು, ಮೇಲೆ ಬೇಯುವ ಮುಂಚೆಯೇ ಸ್ವಿಚ್ಚು ಬಿತ್ತು. ನಮ್ಮ ಮನೆಯವರು ಸುಮ್ಮನೆ ನೋಡುತ್ತಿದ್ದವರು, "ನಿಮ್ಮ ಓಟ್ಸಿಗೂ ನಮ್ಮ ಜ್ವಾಳದ ನುಚ್ಚಿಗೂ ಒಂದೇ ಗುಣ ಐತಿ ನೋಡ್ರಿ. ಕೈ ಆಡಿಸೋರು ಬೇಕು. ಅಕ್ಕಿಗಷ್ಟ ಮಾಡಿದ ಮಷಿನ್ನದು" ಎಂದರು.

ಆಡಿಸುವ ಕೈಯೇ ನೋಯುತ್ತಿತ್ತಲ್ಲ! ಎರಡು ದಿನ ಬಿಟ್ಟು ಅವರೇ ದಾರಿ ಕಂಡುಕೊಂಡರು. ಕುಕ್ಕರಿನ ಪಾತ್ರೆಗೆ ಒಂದೂವರೆ ಬಟ್ಟಲು ನೀರು ಹೊಯ್ದು, ಅದರೊಳಗೆ ಒಂದು ಸ್ಟೀಲಿನ ಡಬ್ಬಿಯಿಟ್ಟರು. ಡಬ್ಬಿಯಲ್ಲಿ ಅರ್ಧ ಬಟ್ಟಲು ಓಟ್ಸ್, ಒಂದೂವರೆ ಬಟ್ಟಲು ನೀರು, ಅಂಚಿಗೆ ಎಣ್ಣೆಯ ಸವರು. ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಉಕ್ಕಲಿಲ್ಲ, ಸೀಯಲಿಲ್ಲ. ಹೊರನೀರು ತೀರಿದಾಗ ಸ್ವಿಚ್ಚು ತಾನೇ ಬಿತ್ತು. ಆ ವಾರದ ಕೊನೆಗೆ, ರಾತ್ರಿಯೆಲ್ಲ ನೆನೆಹಾಕಿದ ಜೋಳದ ನುಚ್ಚೂ ಅದೇ ಡಬ್ಬಿಯಲ್ಲಿ, ಹೊರಗೆ ಇನ್ನಷ್ಟು ನೀರಿನೊಂದಿಗೆ, ಹದವಾಗಿ ಬೆಂದಿತು. ಈಗ ಒಂದು ದಿನ ಓಟ್ಸ್, ಎರಡು ದಿನ ಮಜ್ಜಿಗೆ ಕಲಸಿದ ನುಚ್ಚು ಎಂದು ನಮ್ಮಲ್ಲಿ ಒಪ್ಪಂದವಾಗಿದೆ. ವೈದ್ಯರಿಗೆ ಇನ್ನೂ ಹೇಳಿಲ್ಲ.

ಪಾತ್ರೆಯೊಳಗೆ ಪಾತ್ರೆ, ಹೊರಗೆ ಅಳೆದ ನೀರು: ಇದು 1955ರ ಮಿನಾಮಿ ದಂಪತಿಗಳ ಉಪಾಯವೇ ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಫುಮಿಕೊಳ ಕಥೆ ಹೇಳಿದೆ. ಅವರು ಕೇಳಿ, "ಆ ಹೆಣ್ಮಗಳ ಹೆಸರು ಮಷಿನ್ನಿನ ಮ್ಯಾಲ ಬರದಾರೇನ್ರಿ?" ಎಂದರು.

ಇಲ್ಲ ಎಂದೆ. ನುಚ್ಚಿಗೆ ಹೊರಗಿನ ನೀರು ಇನ್ನರ್ಧ ಬಟ್ಟಲು ಬೇಕೆಂದು ಹೇಳಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟು ನಳದ ಕಡೆಗೆ ಕಳುಹಿಸಿದರು.