ಓಟಿಟಿ ಮತ್ತು ಹೈದರಾಬಾದ್: ತೆಲುಗು ನೋಡುಗ ಬದಲಾದ ಬಗೆ

ಸಿನಿಮಾ, ಸರಣಿ, ಆಟೋಟಗಳನ್ನು ಇಂಟರ್ನೆಟ್ ಮೂಲಕ ನೇರವಾಗಿ ಫೋನಿಗೋ ಟಿವಿಗೋ ತಲುಪಿಸುವ ಸೇವೆಗಳನ್ನು ನಮ್ಮಲ್ಲಿ ಓಟಿಟಿ ಎನ್ನುವುದು ರೂಢಿ. ಕಳೆದ ಹತ್ತು ವರ್ಷಗಳಲ್ಲಿ ಇವು ಜನರ ನೋಡುವ ಅಭ್ಯಾಸವನ್ನು ಹೇಗೆ ಬದಲಿಸಿವೆ ಎಂದು ತಿಳಿಯಲು ಹೈದರಾಬಾದ್‌ನಷ್ಟು ಒಳ್ಳೆಯ ಉದಾಹರಣೆ ದಕ್ಷಿಣದಲ್ಲಿ ಇನ್ನೊಂದಿಲ್ಲ. ತೆಲುಗು ಚಿತ್ರೋದ್ಯಮದ ನೆಲೆಯಾದ ಈ ನಗರದಲ್ಲಿ ಸಿನಿಮಾದವರೇ ಓಟಿಟಿ ಕಟ್ಟಿದರು. ಅದು ಚಿತ್ರಮಂದಿರವನ್ನು ನುಂಗದಂತೆ ಬೇಲಿ ಹಾಕಲು ಹೊರಟವರೂ ಸಿನಿಮಾದವರೇ.

ಓಟಿಟಿಗೆ ಮೊದಲು

ಹೈದರಾಬಾದಿನ ಸಿನಿಮಾ ಸಂಭ್ರಮಕ್ಕೆ ಆರ್‌ಟಿಸಿ ಕ್ರಾಸ್‌ರೋಡ್ಸ್ ಹೆಸರಾದ ಜಾಗ. ಸಂಧ್ಯಾ, ಸುದರ್ಶನ್, ದೇವಿ ಚಿತ್ರಮಂದಿರಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ದೊಡ್ಡ ನಟನ ಚಿತ್ರ ಬಿಡುಗಡೆಯಾದ ದಿನ ಕಟೌಟು, ಹಾರ, ಪಟಾಕಿ, ಪರದೆಯ ಮುಂದೆ ಚೂರು ಕಾಗದದ ತೂರಾಟ ಇದ್ದದ್ದೇ. ಚಿತ್ರಮಂದಿರದಲ್ಲಿ ತಪ್ಪಿದ್ದನ್ನು ಹಬ್ಬದ ದಿನ ಟಿವಿಯಲ್ಲಿ ನೋಡುವ ಅಭ್ಯಾಸ 1995ರಲ್ಲಿ ಜೆಮಿನಿ, ಈಟಿವಿ ವಾಹಿನಿಗಳು ಬಂದ ಮೇಲೆ ಬೆಳೆಯಿತು. ಹಳೆ ನಗರದ ದಖನಿ ಮಾತಿಗೂ ಒಂದು ಸಿನಿಮಾ ಹುಟ್ಟಿಕೊಂಡಿತು. ‘ದಿ ಅಂಗ್ರೇಜ್’ ಹಾಸ್ಯಚಿತ್ರ ಡಿಸ್ಕುಗಳಲ್ಲಿ ಮನೆಮನೆ ಸುತ್ತಿತು. ಅಂಥ ದಖನಿ ಹಾಸ್ಯ ಈಗ ಯೂಟ್ಯೂಬಿಗೆ ಬಂದು ನೆಲೆಸಿದೆ.

ಜಾಲ ಹರಡಿದ ಬಗೆ

2015ರಲ್ಲಿ ಹಾಟ್‌ಸ್ಟಾರ್, 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಅದೇ ಡಿಸೆಂಬರ್‌ನಲ್ಲಿ ಪ್ರೈಮ್ ವಿಡಿಯೋ ಭಾರತದಲ್ಲಿ ಸೇವೆ ಆರಂಭಿಸಿದವು. ಆದರೆ ಸಾಮಾನ್ಯರ ಕೈಗೆ ಅಗ್ಗದ ಡೇಟಾ ಸಿಕ್ಕಿದ್ದು 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ. ಮನೆಯ ಇಂಟರ್ನೆಟ್ಟಿನಲ್ಲಿ ಹೈದರಾಬಾದ್ ಮೊದಲೇ ಒಂದು ಹೆಜ್ಜೆ ಮುಂದಿತ್ತು. ಇಲ್ಲಿನ ಬೀಮ್ ಕಂಪನಿಯನ್ನು ಕೊಂಡಿದ್ದ ಬೆಂಗಳೂರಿನ ಎಸಿಟಿ, 2017ರಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕವನ್ನು ಈ ನಗರದಲ್ಲಿ ಕೊಡತೊಡಗಿತು.

ಓಟಿಟಿ ಕೆಲಸ ಮಾಡುವ ರೀತಿ ಸರಳ. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ನೋಡುಗರಿಗೆ ಹತ್ತಿರದ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಸಂಪರ್ಕ ನಿಧಾನವಾದರೆ ಮುಂದಿನ ತುಣುಕು ಕಡಿಮೆ ಗುಣಮಟ್ಟದ್ದು ಬರುತ್ತದೆ. ಚಿತ್ರ ಮಸುಕಾದರೂ ಓಟ ನಿಲ್ಲುವುದಿಲ್ಲ.

2020ರ ತಿರುವು

ಕೊರೊನಾದಿಂದ ಚಿತ್ರಮಂದಿರಗಳು ಮುಚ್ಚಿದಾಗ ಮುಗಿದು ಕುಳಿತಿದ್ದ ಚಿತ್ರಗಳಿಗೆ ಓಟಿಟಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಜೂನ್‌ನಲ್ಲಿ ‘ಕೃಷ್ಣ ಅಂಡ್ ಹಿಸ್ ಲೀಲಾ’, ಜುಲೈನಲ್ಲಿ ‘ಉಮಾ ಮಹೇಶ್ವರ ಉಗ್ರ ರೂಪಸ್ಯ’ ನೆಟ್‌ಫ್ಲಿಕ್ಸಿಗೆ ಬಂದವು. ಸೆಪ್ಟೆಂಬರ್ 5ರಂದು ನಾನಿ ನಟಿಸಿದ ‘ವಿ’ ಪ್ರೈಮ್‌ನಲ್ಲಿ ತೆರೆಕಂಡಿತು. ಪ್ರಮುಖ ನಟನ ಚಿತ್ರವೂ ಮನೆಯಲ್ಲೇ ಬಿಡುಗಡೆಯಾಗಬಹುದು ಎಂಬುದು ಆಗ ಖಾತ್ರಿಯಾಯಿತು. ಕನ್ನಡದಲ್ಲೂ ಅದೇ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’, ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಪ್ರೈಮ್‌ಗೆ ನೇರವಾಗಿ ಬಂದಿದ್ದವು.

ಊರಿನದೇ ವೇದಿಕೆ: ಆಹಾ

ಗೀತಾ ಆರ್ಟ್ಸ್‌ನ ನಿರ್ಮಾಪಕ ಅಲ್ಲು ಅರವಿಂದ್ ಮತ್ತು ಹೈದರಾಬಾದಿನ ಮೈ ಹೋಮ್ ಸಮೂಹ ಸೇರಿ 2020ರಲ್ಲಿ ‘ಆಹಾ’ ಆರಂಭಿಸಿದರು. ಯುಗಾದಿಯಂದು ಅದು ಪೂರ್ಣವಾಗಿ ತೆರೆದುಕೊಂಡಿತು. ಅದೇ ದಿನ ದೇಶದಲ್ಲಿ ಲಾಕ್‌ಡೌನ್ ಶುರುವಾಯಿತು. ಒಂದೇ ಭಾಷೆಯನ್ನು ನಂಬಿ ಹೊರಟ ಈ ವೇದಿಕೆ ಮಲಯಾಳಂ ಚಿತ್ರಗಳ ತೆಲುಗು ಡಬ್ಬಿಂಗ್, ಸಣ್ಣ ಬಜೆಟ್ಟಿನ ಚಿತ್ರ, ಹರಟೆ ಕಾರ್ಯಕ್ರಮಗಳನ್ನು ಬೆಳೆಸಿತು. ಅಲ್ಲಿ 2020ರ ಅಕ್ಟೋಬರ್‌ನಲ್ಲಿ ಬಂದ ‘ಕಲರ್ ಫೋಟೋ’ಗೆ ಮುಂದೆ ಅತ್ಯುತ್ತಮ ತೆಲುಗು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಸಂದಿತು. 2021ರಲ್ಲಿ ನಂದಮೂರಿ ಬಾಲಕೃಷ್ಣ ನಡೆಸಿಕೊಟ್ಟ ‘ಅನ್‌ಸ್ಟಾಪಬಲ್’ ದೊಡ್ಡ ಪರದೆಯ ಅಬ್ಬರದ ನಟನನ್ನು ನಗಿಸುವ ಆತಿಥೇಯನನ್ನಾಗಿ ತೋರಿಸಿತು. 2022ರಲ್ಲಿ ಆಹಾ ತಮಿಳಿಗೂ ಕಾಲಿಟ್ಟಿತು. ರಾಮೋಜಿ ಸಮೂಹದ ಓಟಿಟಿ ವೇದಿಕೆ ಈಟಿವಿ ವಿನ್‌ನಲ್ಲಿ 2024ರ ಜನವರಿಯಲ್ಲಿ ಬಂದ ‘90ಸ್: ಎ ಮಿಡಲ್ ಕ್ಲಾಸ್ ಬಯೋಪಿಕ್’ ಸರಣಿ, ಮಧ್ಯಮವರ್ಗದ ಮನೆಯ ಕಥೆಗೂ ಜನ ಇದ್ದಾರೆಂದು ತೋರಿಸಿತು.

ಚಿತ್ರಮಂದಿರದೊಂದಿಗೆ ಜಗ್ಗಾಟ

2021ರಲ್ಲಿ ‘ಟಕ್ ಜಗದೀಶ್’ ಚಿತ್ರಮಂದಿರ ಬಿಟ್ಟು ಪ್ರೈಮ್‌ಗೆ ಹೋದಾಗ ತೆಲಂಗಾಣದ ಪ್ರದರ್ಶಕರು ಬಹಿರಂಗವಾಗಿಯೇ ಸಿಟ್ಟಾದರು. ಮುಂದೆ ಜಗಳ ಬೇರೆ ರೂಪ ತಾಳಿತು: ಚಿತ್ರಮಂದಿರಕ್ಕೆ ಬಂದ ಚಿತ್ರ ಎಷ್ಟು ದಿನಕ್ಕೆ ಓಟಿಟಿಗೆ ಹೋಗಬಹುದು? 2022ರ ಆಗಸ್ಟ್ 1ರಿಂದ ನಿರ್ಮಾಪಕರ ಗಿಲ್ಡ್ ಚಿತ್ರೀಕರಣಗಳನ್ನೇ ನಿಲ್ಲಿಸಿ ಮಾತುಕತೆಗೆ ಕುಳಿತಿತು. ವೆಚ್ಚ, ಸಂಭಾವನೆಗಳ ಜೊತೆ ಓಟಿಟಿ ಅಂತರವೂ ಚರ್ಚೆಗೆ ಬಂತು. ಎಂಟು ವಾರ ಕಾಯಬೇಕೆಂದು ತೆಲುಗು ಫಿಲ್ಮ್ ಚೇಂಬರ್ ತೀರ್ಮಾನಿಸಿತು.

ಎಲ್ಲರೂ ಪಾಲಿಸಲಿಲ್ಲ. 2024ರ ಜನವರಿ 12ರಂದು ಬಿಡುಗಡೆಯಾದ ‘ಗುಂಟೂರು ಕಾರಂ’ ನಾಲ್ಕೇ ವಾರಕ್ಕೆ ನೆಟ್‌ಫ್ಲಿಕ್ಸಿನಲ್ಲಿತ್ತು. ಆದರೆ ದೊಡ್ಡ ಚಿತ್ರಗಳವರು ಲೆಕ್ಕ ಕಲಿತರು. ‘ಪುಷ್ಪ’ದ ಮೊದಲ ಭಾಗ 2021ರ ಡಿಸೆಂಬರ್ 17ರಂದು ತೆರೆಕಂಡು 21 ದಿನಕ್ಕೆ ಪ್ರೈಮ್‌ಗೆ ಬಂದಿತ್ತು. ಎರಡನೇ ಭಾಗವನ್ನು 2024ರ ಡಿಸೆಂಬರ್ 5ರಂದು ಬಿಡುಗಡೆ ಮಾಡಿದ ನಿರ್ಮಾಪಕರು, 56 ದಿನ ಯಾವ ಓಟಿಟಿಗೂ ಕೊಡುವುದಿಲ್ಲವೆಂದು ಸಾರಿ, ಜನವರಿ 30ರಂದೇ ನೆಟ್‌ಫ್ಲಿಕ್ಸಿಗೆ ಬಿಟ್ಟರು.

ಹೊಡೆತ ಬಿದ್ದದ್ದು ಮಧ್ಯಮ ಗಾತ್ರದ ಚಿತ್ರಗಳಿಗೆ, ಅವನ್ನೇ ನಂಬಿದ ಸಿಂಗಲ್ ಸ್ಕ್ರೀನ್‌ಗಳಿಗೆ. 2024ರ ಮೇ ತಿಂಗಳಲ್ಲಿ ಚುನಾವಣೆ, ಐಪಿಎಲ್ ನಡುವೆ ಜನರೂ ಇಲ್ಲ, ಹೇಳಿಕೊಳ್ಳುವ ಚಿತ್ರವೂ ಇಲ್ಲ ಎಂದು ತೆಲಂಗಾಣದ ಸಿಂಗಲ್ ಸ್ಕ್ರೀನ್‌ಗಳು ಸುಮಾರು ಹತ್ತು ದಿನ ಬಾಗಿಲು ಹಾಕಿದ್ದವು.

ಬದಲಾದ ರೂಢಿಗಳು

ಮೊದಲನೆಯದು ಆಯ್ಕೆ. ಚಿತ್ರಮಂದಿರಕ್ಕೆ ಹೋಗುವಾಗ ಮನೆಮಂದಿಯೆಲ್ಲ ಒಪ್ಪುವ ಚಿತ್ರವೇ ಬೇಕಿತ್ತು. ಫೋನಿನಲ್ಲಿ ಒಬ್ಬರ ಇಷ್ಟ ಸಾಕು. ನೆಟ್‌ಫ್ಲಿಕ್ಸ್ 2019ರಲ್ಲಿ ತಂದ, 2021ರ ಕೊನೆಗೆ 149 ರೂಪಾಯಿಗೆ ಇಳಿಸಿದ ಮೊಬೈಲ್ ಚಂದಾ ಒಂಟಿ ನೋಡುಗನಿಗೆಂದೇ ಮಾಡಿದ್ದು. ಒಬ್ಬರೇ ನೋಡುವ ಈ ರೂಢಿಯ ಬಿಸಿ 2023ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸಿನ ‘ರಾಣಾ ನಾಯ್ಡು’ ಸರಣಿ ಬಂದಾಗ ತಟ್ಟಿತು. ಕುಟುಂಬದ ಚಿತ್ರಗಳಿಗೆ ಹೆಸರಾದ ವೆಂಕಟೇಶ್ ಬಾಯಲ್ಲಿ ಬೈಗುಳ ಕೇಳಿ ಅನೇಕರು ಕಸಿವಿಸಿಗೊಂಡರು. ಅದೇ ವೆಂಕಟೇಶ್ ಅವರ ‘ಸಂಕ್ರಾಂತಿಕಿ ವಸ್ತುನ್ನಾಂ’ 2025ರ ಸಂಕ್ರಾಂತಿಗೆ ಕುಟುಂಬಗಳನ್ನು ಚಿತ್ರಮಂದಿರಕ್ಕೆ ಕರೆತಂದು, ಮಾರ್ಚ್ 1ರಂದು ಟಿವಿ ಮತ್ತು ಓಟಿಟಿ ಎರಡರಲ್ಲೂ ಒಂದೇ ದಿನ ಬಂತು. ಒಟ್ಟಿಗೆ ಕೂತು ನೋಡುವ ಆಸೆ ಅಳಿದಿಲ್ಲ.

ಎರಡನೆಯದು ಭಾಷೆ. ಬೇರೆ ಭಾಷೆಯ ಒಳ್ಳೆಯ ಚಿತ್ರವನ್ನು ತೆಲುಗಿನಲ್ಲಿ ಮತ್ತೆ ಮಾಡುವುದು ಸುರಕ್ಷಿತ ವ್ಯಾಪಾರವಾಗಿತ್ತು. ಈಗ ಮೂಲ ಚಿತ್ರವೇ ಮೊದಲು ಮನೆ ಸೇರಿರುತ್ತದೆ. ಚಿರಂಜೀವಿಯವರ ‘ಗಾಡ್‌ಫಾದರ್’ 2022ರಲ್ಲಿ ಬರುವ ಹೊತ್ತಿಗೆ ಅದರ ಮೂಲ ‘ಲೂಸಿಫರ್’ ಅನ್ನು ತೆಲುಗಿನಲ್ಲೇ ನೋಡಿದವರು ಬೇಕಾದಷ್ಟಿದ್ದರು. ಹೊರಮುಖವಾಗಿಯೂ ಬಾಗಿಲು ತೆರೆಯಿತು. ‘ಆರ್‌ಆರ್‌ಆರ್’ 2022ರ ಮೇ 20ರಂದು ಹಿಂದಿಯಲ್ಲಿ ನೆಟ್‌ಫ್ಲಿಕ್ಸಿಗೂ, ಕನ್ನಡ ಸೇರಿ ದಕ್ಷಿಣದ ಭಾಷೆಗಳಲ್ಲಿ ಜೀ5ಗೂ ಬಂತು. ಅಮೆರಿಕದ ನೋಡುಗರು ಅದನ್ನು ಹೊಗಳಲು ತೊಡಗಿದ ಮೇಲೆ 2023ರ ಮಾರ್ಚ್‌ನಲ್ಲಿ ‘ನಾಟು ನಾಟು’ ಹಾಡಿಗೆ ಆಸ್ಕರ್ ಸಿಕ್ಕಿತು.

ನಿಯಮ ಮತ್ತು ಕಳ್ಳದಾರಿ

ಓಟಿಟಿ ಕಾರ್ಯಕ್ರಮಗಳಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕಿಲ್ಲ. 2021ರ ಫೆಬ್ರವರಿಯ ಕೇಂದ್ರ ನಿಯಮಗಳಂತೆ ವೇದಿಕೆಗಳೇ ವಯಸ್ಸಿನ ವರ್ಗ ಸೂಚಿಸಬೇಕು. ದೂರುಗಳಿಗೆ ಮೂರು ಹಂತದ ವ್ಯವಸ್ಥೆ ಇದೆ. ಚಂದಾ ಕಟ್ಟಲು ಒಲ್ಲದವರು ಕಳ್ಳಪ್ರತಿಗಳ ಕಡೆ ಹೋದರು. ಡಿಜಿಟಲ್ ಪ್ರತಿ ಸೋರಿದರೆ ಅದು ಅಸಲಿನಷ್ಟೇ ಸ್ಪಷ್ಟ. ತೆಲುಗು ಮನೆಗಳಲ್ಲಿ ಹೆಸರಾಗಿದ್ದ ‘ಐಬೊಮ್ಮ’ ತಾಣ ನಡೆಸುತ್ತಿದ್ದ ಆರೋಪದ ಮೇಲೆ 2025ರ ನವೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು ಒಬ್ಬನನ್ನು ಬಂಧಿಸಿದರು.

ಕನ್ನಡಕ್ಕೆ ಇದರ ಪಾಠ

ಕಾಚಿಗುಡದ ಸುತ್ತಲಿನ ಹಳೆಯ ಕನ್ನಡ ಕುಟುಂಬಗಳಿಗೆ ಓಟಿಟಿಯಿಂದ ಲಾಭವೇ ಆಗಿದೆ. ಹೊರನಾಡಿನಲ್ಲಿ ಒಂದೆರಡು ಆಟಕ್ಕೆ ಮುಗಿಯುತ್ತಿದ್ದ ಕನ್ನಡ ಚಿತ್ರ ಈಗ ಮನೆಗೇ ಬರುತ್ತದೆ. ಬೆಂಗಳೂರಿನ ಉದ್ಯಮದ ಮಾತು ಬೇರೆ. ತೆಲುಗು ಚಿತ್ರಗಳು ಕನ್ನಡದ ದನಿಯಲ್ಲೇ ನಮ್ಮ ಮನೆಗಳಿಗೆ ಸುಲಭವಾಗಿ ಬರುತ್ತವೆ, ಆದರೆ ಕನ್ನಡದ ಸರಣಿಗೆ ಕೊಳ್ಳುವವರು ಸಿಗುವುದು ಕಷ್ಟ. ರಕ್ಷಿತ್ ಶೆಟ್ಟಿ ಸಂಸ್ಥೆಯ ‘ಏಕಂ’ ಸರಣಿ ಯಾವ ವೇದಿಕೆಯೂ ಮುಂದೆ ಬಾರದ ಕಾರಣ 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾಗಬೇಕಾಯಿತು. ಹೈದರಾಬಾದಿನಲ್ಲಿ ನಿರ್ಮಾಪಕರೇ ಬಂಡವಾಳ ಹಾಕಿ ವೇದಿಕೆ ಕಟ್ಟಿದ್ದರಿಂದ ಸಣ್ಣ ತೆಲುಗು ಚಿತ್ರಕ್ಕೆ ಕೇಳುವವರಿದ್ದರು. ಕನ್ನಡದ ಕಥೆ ಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಇನ್ನೂ ಹೆಚ್ಚಾಗಿ ಮುಂಬಯಿಯಲ್ಲೇ ಆಗುತ್ತಿದೆ.