ದೇವಣಿ ದನಗಳ ವಿಂಗಡಣೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳು ದೇವಣಿ ತಳಿಯ ನೆಲೆಗಳಲ್ಲಿ ಸೇರಿವೆ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ದೇವಣಿ ಊರಿನಿಂದ ಹೆಸರು ಪಡೆದ ಈ ತಳಿ ಹಾಲಿಗೂ ಉಳುಮೆಗೂ ಒದಗುತ್ತದೆ. ಕೂಡಿಸಿದ ದನಗಳನ್ನು ಬಣ್ಣ, ವಯಸ್ಸು, ಉಪಯೋಗಗಳಿಗೆ ಅನುಗುಣವಾಗಿ ಬೇರ್ಪಡಿಸುವುದೇ ವಿಂಗಡಣೆ.

ಮೈಬಣ್ಣದ ಆಧಾರದಲ್ಲಿ ಮೂರು ಬಗೆಗಳಿವೆ: ಬಿಳಿ ಮೈ ಹಾಗೂ ಮುಖದ ಪಕ್ಕಗಳಲ್ಲಿ ಕಪ್ಪು ಇರುವ ವಾನೆರಾ, ಬಿಳಿ ಮೈಯ ಕೆಳಭಾಗದಲ್ಲಿ ಕಪ್ಪು ಮಚ್ಚೆಗಳಿರುವ ಬಾಳಂಕ್ಯಾ, ಮೈಯೆಲ್ಲ ಕಪ್ಪು ಮಚ್ಚೆಗಳು ಹರಡಿರುವ ಶೇವೆರಾ.

ವಯಸ್ಸನ್ನು ಹಲ್ಲಿನಿಂದ ಅಳೆಯಲಾಗುತ್ತದೆ. ದನಗಳಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲು, ಅಂದರೆ ಮುಂಭಾಗದ ಕತ್ತರಿಸುವ ಹಲ್ಲು, ಇರುವುದಿಲ್ಲ. ಕೆಳದವಡೆಯ 8 ಹಾಲುಹಲ್ಲುಗಳು ಜೋಡಿಜೋಡಿಯಾಗಿ ಬಿದ್ದು ಶಾಶ್ವತ ಹಲ್ಲುಗಳು ಮೂಡುವುದರಿಂದ, ಎರಡು, ನಾಲ್ಕು, ಆರು ಹಲ್ಲಿನವು ಮತ್ತು ಎಂಟೂ ಹಲ್ಲು ಬಂದು ಬಾಯಿಗೂಡಿದವು ಎಂದು ಗುರುತಿಸಲಾಗುತ್ತದೆ.

ಆ ಬಳಿಕ ಕರೆಯುವ ಹಸು, ಗಬ್ಬದ ಹಸು, ಗೊಡ್ಡು, ಕಡಸು, ಕರು, ಎತ್ತು, ಬೀಜದ ಹೋರಿಗಳನ್ನು ಪ್ರತ್ಯೇಕಿಸಿ, ಹೋರಿಯನ್ನು ಎಳೆಯ ಕಡಸುಗಳಿಂದ ದೂರವಿಟ್ಟು, ಕಾಯಿಲೆಬಿದ್ದವನ್ನು ಬೇರೆ ಕಟ್ಟಲಾಗುತ್ತದೆ. ಕಿವಿಗೆ ತೊಡಿಸುವ 12 ಅಂಕಿಗಳ ಗುರುತಿನ ಬಿಲ್ಲೆ ಪ್ರತಿ ದನದ ಲಸಿಕೆ ಹಾಗೂ ಸಂತಾನದ ದಾಖಲೆಗೆ ಆಧಾರವಾಗಿದ್ದು, ಮಿಶ್ರತಳಿಗಳ ನಡುವೆ ಶುದ್ಧ ದೇವಣಿಯನ್ನು ಉಳಿಸಿಕೊಳ್ಳಲು ಇಂಥ ಎಚ್ಚರದ ವಿಂಗಡಣೆ ಅತ್ಯಗತ್ಯವಾಗಿದೆ.