ಟಿಬೆಟ್ಟಿನ ಹಳೆಯ ಚೂರಿಗಳೂ ಅವುಗಳ ಕಾಲನಿರ್ಣಯವೂ

ಪುರಾತನ ವಸ್ತುವೊಂದು ಕೈಗೆ ಬಂದೊಡನೆ ‘ಇದು ಎಷ್ಟು ವರ್ಷದ್ದು?’ ಎಂದು ಕೇಳುವುದು ಮನುಷ್ಯಸ್ವಭಾವ. ಟಿಬೆಟ್ಟಿನ ಚೂರಿ ಕಠಾರಿಗಳ ವಿಷಯದಲ್ಲಿ ಅದಕ್ಕಿಂತ ಮೊದಲು ‘ಇದನ್ನು ಏತಕ್ಕಾಗಿ ಮಾಡಿದರು?’ ಎಂದು ಕೇಳಿಕೊಳ್ಳುವುದು ಲೇಸು. ಏತಕ್ಕೆಂದರೆ, ಅವುಗಳಲ್ಲಿ ಮುಖ್ಯವಾಗಿ ಎರಡು ಕುಲಗಳುಂಟು: ನಡುವಿಗೆ ಸಿಕ್ಕಿಸಿಕೊಂಡು ಊಟಕ್ಕೂ ಕೆಲಸಕ್ಕೂ ಬಳಸುವ ಚೂರಿ ಒಂದು, ಪೂಜೆಯಲ್ಲಿ ಹಿಡಿಯುವ ‘ಫುರ್ಬಾ’ ಇನ್ನೊಂದು.

ಫುರ್ಬಾ ನೋಟಕ್ಕೆ ಕಠಾರಿಯಾದರೂ ನಿಜವಾಗಿ ಒಂದು ಗೂಟ. ಸಂಸ್ಕೃತದಲ್ಲಿ ಇದರ ಹೆಸರು ಕೀಲ. ನಮ್ಮ ‘ಕೀಲು’ ಶಬ್ದದ ಮೂಲವೂ ಅದೇ. ಇದರ ಅಲಗಿಗೆ ಮೂರು ಮುಖಗಳು; ಮೋಹ, ರಾಗ, ದ್ವೇಷಗಳೆಂಬ ತ್ರಿವಿಷಗಳನ್ನು ಅವು ನಿಗ್ರಹಿಸುವುವೆಂದು ಬೌದ್ಧ ತಾಂತ್ರಿಕರ ಭಾವನೆ. ಅನೇಕ ಫುರ್ಬಾಗಳಲ್ಲಿ ಅಲಗು ಮಕರದ ಬಾಯಿಂದ ಹೊರಟಂತಿದ್ದು, ಮೇಲ್ತುದಿಯಲ್ಲಿ ಉಗ್ರದೇವತೆಯ ಮುಖಗಳಿರುತ್ತವೆ. ಹೊಯ್ಸಳ ಗುಡಿಗಳ ಮಕರತೋರಣವನ್ನು ಕಂಡವರಿಗೆ ಈ ಮಕರವು ಅಪರಿಚಿತವೆನಿಸದು. ವಿಘ್ನಗಳನ್ನು ನೆಲಕ್ಕೆ ಕೀಲಿಸುವುದೇ ಇದರ ಕಾರ್ಯವಾದುದರಿಂದ ಹರಿತವಾದ ಬಾಯಿ ಬೇಕಿಲ್ಲ. ಮರದ ಫುರ್ಬಾಗಳೂ ಉಂಟು.

ಈ ವಿಧಿಯು ಬಹು ಪ್ರಾಚೀನವಾದುದು. ಸಂಪ್ರದಾಯವು ಇದನ್ನು 8ನೆಯ ಶತಮಾನದ ಪದ್ಮಸಂಭವನೊಡನೆ ಸೇರಿಸುತ್ತದೆ. ದುನ್‌ಹುವಾಂಗ್ ಗುಹೆಯಲ್ಲಿ ದೊರೆತ 10ನೆಯ ಶತಮಾನದ ಸುಮಾರಿನ ಹಸ್ತಪ್ರತಿಗಳಲ್ಲಿಯೂ ಕೀಲವಿಧಿಯ ಉಲ್ಲೇಖವಿದೆ. ಆದರೆ ವಿಧಿಯು ಹಳೆಯದಾದ ಮಾತ್ರಕ್ಕೆ ಕೈಯಲ್ಲಿರುವ ವಸ್ತುವೂ ಹಳೆಯದಾಗಲಾರದು. ಅದೇ ಆಕಾರದ ಫುರ್ಬಾಗಳನ್ನು ನೇಪಾಳದ ಕುಶಲಕರ್ಮಿಗಳು ಇಂದಿಗೂ ಮಾಡುತ್ತಾರೆ. ಮಾರುವವನು ಹೇಳುವ ಶತಮಾನವು ಸಾಮಾನ್ಯವಾಗಿ ವಿಧಿಯದು, ವಸ್ತುವಿನದಲ್ಲ.

ಇನ್ನು ಬಳಕೆಯ ಆಯುಧಗಳ ಮಾತು. ಟಿಬೆಟ್ಟಿನ ಒಳ್ಳೆಯ ಕತ್ತಿಗಳಲ್ಲಿ ಗಡಸು ಮೆದು ಕಬ್ಬಿಣಗಳನ್ನು ಒಂದರ ಮಗ್ಗುಲಿಗೊಂದಿಟ್ಟು, ಮಡಿಸಿ, ಕಾಸಿ ಬೆಸೆಯುತ್ತಿದ್ದರು. ಅದರಿಂದ ಅಲಗಿನುದ್ದಕ್ಕೂ ಗೆರೆಗಳು ಮೂಡಿ, ತುದಿಯ ಬಳಿ ಮುಡಿಗೆ ಸಿಕ್ಕಿಸುವ ಪಿನ್ನಿನಂತೆ ಬಾಗಿ ಹಿಂದಿರುಗುವುವು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ 2006ರಲ್ಲಿ ಡೊನಾಲ್ಡ್ ಲಾರೋಕ್ಕಾ ಎಂಬ ವಿದ್ವಾಂಸರು ಏರ್ಪಡಿಸಿದ ಪ್ರದರ್ಶನವು ಈ ಆಯುಧಗಳ ಅಧ್ಯಯನಕ್ಕೆ ಭದ್ರವಾದ ಬುನಾದಿಯನ್ನು ಹಾಕಿತು. ಆದರೂ ಈ ಗೆರೆಗಳು ಕಮ್ಮಾರಿಕೆಯ ಪದ್ಧತಿಯನ್ನು ತಿಳಿಸುವುವೇ ಹೊರತು ವರ್ಷವನ್ನಲ್ಲ. ಆ ಪದ್ಧತಿಯು ಅನೇಕ ತಲೆಮಾರುಗಳವರೆಗೆ ನಡೆದುಬಂದಿತು.

ಇಲ್ಲಿ ಇನ್ನೊಂದು ತೊಡಕು ಇದೆ. ತಂದೆಯ ಅಲಗಿಗೆ ಮಗನು ಹೊಸ ಹಿಡಿಯನ್ನು ಹಾಕಿಸುವನು. ಮೊಮ್ಮಗನು ಹವಳ, ವೈಡೂರ್ಯಬಣ್ಣದ ಕಲ್ಲುಗಳನ್ನು ಕೂರಿಸಿದ ಬೆಳ್ಳಿಯ ಒರೆಯನ್ನು ಮಾಡಿಸುವನು. ಹೀಗಾಗಿ ಒಂದೇ ಚೂರಿಯಲ್ಲಿ ಮೂರು ಕಾಲಗಳಿರಬಹುದು. ಒರೆಯ ಮರವನ್ನೋ ಚರ್ಮವನ್ನೋ ಇಂಗಾಲದ ಪರೀಕ್ಷೆಗೆ ಒಳಪಡಿಸಿದರೂ ತಿಳಿಯುವುದು ಆ ಮರವೋ ಪ್ರಾಣಿಯೋ ಸತ್ತ ಕಾಲ. ಅಲಗನ್ನು ಬಡಿದ ಕಾಲವಲ್ಲ.

ಸವೆತವು ಉತ್ತಮ ಸಾಕ್ಷಿ. ನಿಜವಾಗಿ ಬಳಸಿದ ವಸ್ತುವಿನಲ್ಲಿ ಕೈತಾಗುವ ಉಬ್ಬುಗಳು ನುಣುಪಾಗಿ, ಸಂದುಗಳಲ್ಲಿ ಜಿಡ್ಡು ಉಳಿದಿರುವುದು. ಎಲ್ಲೆಡೆಯೂ ಒಂದೇ ಸಮನಾದ ಕಪ್ಪು ಸಂದೇಹಕ್ಕೆ ಕಾರಣ. ಅದಕ್ಕಿಂತಲೂ ಉತ್ತಮವಾದುದು ಲಿಖಿತ ಸಾಕ್ಷ್ಯ. 1903–04ರ ಬ್ರಿಟಿಷ್ ದಂಡಯಾತ್ರೆಯಲ್ಲಿ ತಂದುದೆಂದು ಅಂದಿನ ಕಾಗದವಿದ್ದರೆ, ಆ ವಸ್ತುವು 1904ಕ್ಕಿಂತ ಹಿಂದಿನದೆಂಬುದಷ್ಟು ನಿಶ್ಚಯ. ಆದರೆ 1959ರ ತರುವಾಯ ದೇಶವನ್ನು ಬಿಟ್ಟು ಬಂದ ಎಷ್ಟೋ ಮಂದಿ ಹೊಟ್ಟೆಪಾಡಿಗಾಗಿ ಮನೆಯ ಒಡವೆಗಳನ್ನು ಮಾರಿದರು. ವಸ್ತುಗಳು ಉಳಿದುವು, ಅವುಗಳ ಕಥೆಗಳು ಅಳಿದುವು. ಆ ಬರಿದಾದ ಸ್ಥಳವನ್ನೇ ಸುಳ್ಳು ಶತಮಾನಗಳು ತುಂಬುತ್ತಿರುವುವು.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಇಂತಹ ವಸ್ತುವೊಂದು ಮನೆಯಲ್ಲಿದ್ದರೆ ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಬೇಡಿರಿ. ಅದು ಯಾರಿಂದ, ಎಂದು, ಎಲ್ಲಿಂದ ಬಂದಿತೆಂಬುದನ್ನು ತಿಳಿದ ಹಿರಿಯರು ಇರುವಾಗಲೇ ಬರೆದಿಡಿರಿ. ಆ ಒಂದು ಚೀಟಿಯು ಮುಂದಿನವರಿಗೆ ಅಲಗಿಗಿಂತಲೂ ಬೆಲೆಯುಳ್ಳದ್ದಾಗುವುದು.